ಮುಂದಿನ ರೂಮಿನ ಹುಡುಗಿ, ಪಕ್ಕದ ಸೈಟಿನ ಗಿಡಗಳು

ಮುಂದಿನ ರೂಮನ್ನು ಬಾಡಿಗೆಗೆ ಕೊಟ್ಟಿದ್ದು ದುಡ್ಡಿಗಾಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈಗ ಕೇಳಿದವರೆಲ್ಲ "ಜೊತೆಗೆ ಒಬ್ಬರು ಇರಲಿ ಅಂತ ಅಲ್ವಾ" ಅನ್ನುತ್ತಾರೆ. ಅಲ್ಲ. 2024ರ ಮೇ ತಿಂಗಳ ಮಳೆಗೆ ಅಡುಗೆಮನೆ ತಾರಸಿ ಸೋರಿತು. ಮೇಸ್ತ್ರಿ ಬಂದು ನೋಡಿ ಅರವತ್ತು ಸಾವಿರ ಅಂದರು. ಯಜಮಾನರ ಪಿಂಚಣಿಯಲ್ಲಿ ಅರ್ಧ ಬರುತ್ತದೆ ನನಗೆ, ಊಟಕ್ಕೆ ಮಾತ್ರೆಗೆ ಸಾಕು, ತಾರಸಿಗೆ ಸಾಲದು. ಪುಣೆಯಲ್ಲಿರುವ ಮಗನನ್ನು ಕೇಳಬಹುದಿತ್ತು. ಕೇಳಿದರೆ ಅವನು ಕೊಡುತ್ತಿದ್ದ, ಕೊಟ್ಟ ಮೇಲೆ "ಆ ಹಳೇ ಮನೆ ಮಾರಿಬಿಡಮ್ಮ, ಇಲ್ಲಿಗೆ ಬಾ" ಅನ್ನುತ್ತಿದ್ದ. ಮನೆ ಇರುವುದು ತುಮಕೂರಿನ ಶೆಟ್ಟಿಹಳ್ಳಿ ಕಡೆಯ ಒಂದು ಬಡಾವಣೆಯಲ್ಲಿ. ಎರಡು ರೂಮು, ಒಂದು ಹಾಲು, ಹಿಂದೆ ಬಟ್ಟೆ ಒಗೆಯುವ ಕಲ್ಲು. ಪಕ್ಕದಲ್ಲಿ ಯಾರದೋ ಖಾಲಿ ಸೈಟು.

ಬಾಡಿಗೆಗೆ ಕೊಡಬಹುದಾದ ರೂಮು ಒಂದೇ. ಅದರಲ್ಲಿ ಅತ್ತೆ ಆರು ವರ್ಷ ಮಲಗಿದ್ದರು. ಪಾರ್ಶ್ವವಾಯು ಆಗಿ ಬಲಗೈ ಬಲಗಾಲು ಎರಡೂ ಹೋಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಆರು ವರ್ಷದಲ್ಲಿ ಅವರಿಗೆ ಒಂದು ಹುಣ್ಣೂ ಆಗಲಿಲ್ಲ, ಅದು ನನ್ನ ಕೆಲಸ, ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಆ ಆರು ವರ್ಷದ ಮಧ್ಯೆಯೇ ಯಜಮಾನರು ಹೋದರು. ಕರ್ಮಾಂತರದ ದಿನವೂ ಎರಡು ಗಂಟೆಗೊಮ್ಮೆ ಎದ್ದು ಹೋಗಿ ಅತ್ತೆಯ ಮಗ್ಗುಲು ಬದಲಾಯಿಸಿ ಬಂದಿದ್ದೆ. 2023ರ ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಅತ್ತೆಯೂ ಹೋದರು. ಆಮೇಲೆ ಒಂದೂವರೆ ವರ್ಷ ಆ ರೂಮಿನ ಬಾಗಿಲು ಹಾಕಿಯೇ ಇತ್ತು. ಬಾಡಿಗೆಗೆ ಅಂತ ತೆಗೆದಾಗ ಮಂಚದ ತಲೆಯ ಕಡೆ ಗೋಡೆಯ ಮೇಲೆ ಅವರ ತಲೆ ಒರಗಿ ಒರಗಿ ಎಣ್ಣೆಯ ಕಲೆ, ಒಂದು ತಟ್ಟೆಯಷ್ಟು ದೊಡ್ಡದು. ಡಿಸ್ಟೆಂಪರ್ ಎರಡು ಕೋಟು ಹೊಡೆಸಿದೆ. ಈಗಲೂ ಸಂಜೆ ಬೆಳಕಲ್ಲಿ ನೋಡಿದರೆ ಕಾಣುತ್ತದೆ.

ಬೋರ್ಡು ಹಾಕಲಿಲ್ಲ. ಹಾಲು ಹಾಕುವವರಿಗೆ ಹೇಳಿದ್ದೆ, ಅವರ ಮೂಲಕ ಬಂದವಳು ಈ ಹುಡುಗಿ. ಬಾಗಲಕೋಟೆ ಕಡೆಯವಳು, ಇಪ್ಪತ್ತಾರು ವರ್ಷ, ಯೂನಿವರ್ಸಿಟಿಯಲ್ಲಿ ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು, ಎರಡು ಮರದ ಹಲಗೆಗಳನ್ನು ಬೆಲ್ಟಲ್ಲಿ ಬಿಗಿದ ಒಂದು ಕಟ್ಟು. ಆ ಕಟ್ಟನ್ನು ನೋಡಿದ ಕೂಡಲೇ ಅದೇನು ಅಂತ ನನಗೆ ಗೊತ್ತಾಯಿತು. ಆದರೆ ಅವತ್ತು ಏನೂ ಹೇಳಲಿಲ್ಲ.

ಬದಲಿಗೆ ಹೇಳಬಾರದ ಒಂದು ಮಾತು ಹೇಳಿದೆ. ಅಡುಗೆಮನೆ ಒಂದೇ ಇರುವುದರಿಂದ, ಒಲೆ ಒಂದೇ ಇರುವುದರಿಂದ, "ನೀವು ಯಾವ ಜನ?" ಅಂತ ಕೇಳಿಬಿಟ್ಟೆ. ಹುಡುಗಿ ನನ್ನ ಮುಖ ನೋಡಿ ಮೆಲ್ಲಗೆ "ಅದನ್ನ ಅಗ್ರಿಮೆಂಟ್‌ನಾಗ ಬರೀಬೇಕೇನ್ರಿ?" ಅಂದಳು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ಕೇಳಿದ ಹಾಗೆ. ನನ್ನ ಬಾಯಿ ಕಟ್ಟಿಹೋಯಿತು. ಆಮೇಲೆ ಯಾವತ್ತೂ ಕೇಳಲಿಲ್ಲ. ನನ್ನ ಮನೆಯಲ್ಲಿ ನಲವತ್ತು ವರ್ಷ ನಡೆದುಬಂದಿದ್ದನ್ನು ನಾನೂ ಸುಮ್ನೆ ಮುಂದುವರಿಸಿದ್ದೆ ಅಷ್ಟೆ. ಅದು ತಪ್ಪು, ಅದನ್ನು ತಪ್ಪು ಅಂತಲೇ ಇಲ್ಲಿ ಬರೆಯುತ್ತಿದ್ದೇನೆ.

ಅಗ್ರಿಮೆಂಟ್ ಮಾಡಿಸಿದ್ದು ಕೋರ್ಟ್ ಹತ್ತಿರದ ಒಂದು ಟೈಪಿಂಗ್ ಅಂಗಡಿಯಲ್ಲಿ. ಇ-ಸ್ಟಾಂಪ್ ಪೇಪರು, ಹನ್ನೊಂದು ತಿಂಗಳು, ಬಾಡಿಗೆ ನಾಲ್ಕು ಸಾವಿರ, ಅಡ್ವಾನ್ಸ್ ಇಪ್ಪತ್ತು ಸಾವಿರ. ಹನ್ನೊಂದೇ ಯಾಕೆ ಅಂತ ಕೇಳಿದೆ. ಒಂದು ವರ್ಷ ಮೀರಿದ ಕರಾರಾದರೆ ಸಬ್ ರಿಜಿಸ್ಟ್ರಾರ್ ಹತ್ತಿರ ರಿಜಿಸ್ಟರ್ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ ಹನ್ನೊಂದು ಬರೆಸುತ್ತಾರೆ ಅಂದರು. ಹುಡುಗಿಯ ಆಧಾರ್ ಕಾಪಿ, ಫೋಟೊ ತಗೊಂಡೆ, ಸ್ಟೇಷನ್ನಿಗೂ ಒಂದು ಪ್ರತಿ ಕೊಟ್ಟು ಬಂದೆವು. ಟೈಪು ಮಾಡುವವರು ನನ್ನ ಹೆಸರು ಹಾಕಿ ಮುಂದೆ "ಕೋಂ ಲೇಟ್" ಅಂತ ಸೇರಿಸಿ ಯಜಮಾನರ ಹೆಸರು ಹಾಕಿದರು. ಖಾತೆ ಬದಲಾಯಿಸುವಾಗ, ವಂಶವೃಕ್ಷ ಮಾಡಿಸುವಾಗ, ಪಿಂಚಣಿಗೆ ಬರೆಯುವಾಗ, ಎಲ್ಲಾ ಕಡೆ ಹೀಗೇ ಇತ್ತು. ಅದರಲ್ಲಿ ಹೊಸದೇನಿಲ್ಲ. ಆದರೆ ಅದರ ಕೆಳಗೆ "ಇನ್ನು ಮುಂದೆ ಮಾಲೀಕರು ಎಂದು ಕರೆಯಲ್ಪಡುವ" ಅಂತ ಒಂದು ಸಾಲು ಇತ್ತು. ಆ ಸಾಲನ್ನು ಆಟೋದಲ್ಲಿ ಎರಡು ಸಲ ಓದಿದೆ.

ಮೊದಲನೇ ತಿಂಗಳು ನಾನು ಮಾಡಿದ್ದು ಇಷ್ಟು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಅವಳಿಗೆ ಸ್ನಾನಕ್ಕೆ ನೀರು ಕಾಯಿಸಿದೆ. ಕಾಫಿ ಮಾಡಿ ರೂಮಿನ ಬಾಗಿಲಲ್ಲಿ ಇಟ್ಟೆ. ಅವಳು ಬೇಡ ಅಂದರೂ ಡಬ್ಬಿ ಕಟ್ಟಿದೆ. ಅವಳು ಗಿಡ ಹುಡುಕಿಕೊಂಡು ದೇವರಾಯನದುರ್ಗಕ್ಕೆ ಹೋದ ದಿನ ಬರುವುದು ರಾತ್ರಿ ಎಂಟಾದರೆ ಎಂಟರವರೆಗೂ ಊಟ ಮಾಡದೆ ಬಾಗಿಲ ಹತ್ತಿರ ಕೂತೆ. ಅವಳು ಒಗೆಯಲು ನೆನೆಹಾಕಿದ ಬಟ್ಟೆಯನ್ನು ನಾನೇ ಒಗೆದು ಹರವಿದೆ. ಹಾಲಿನಲ್ಲಿ ಟಿವಿ ಹಾಕಿದರೆ ಅವಳ ಓದಿಗೆ ತೊಂದರೆ ಅಂತ ಟಿವಿ ಹಾಕುವುದನ್ನೇ ಬಿಟ್ಟೆ. ಯಾರೂ ಇದನ್ನೆಲ್ಲ ಕೇಳಿರಲಿಲ್ಲ. ನನಗೆ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅಂದರೆ ಅವರಿಗೆ ಏನು ಬೇಕು ಅನ್ನುವುದು ಬಿಟ್ಟು ಬೇರೆ ಯೋಚನೆಯೇ ಬರುತ್ತಿರಲಿಲ್ಲ. ಒಂದೂವರೆ ವರ್ಷ ಯಾರಿಗೂ ಏನೂ ಮಾಡದೆ ಕೂತಿದ್ದ ಕೈಗಳಿಗೆ ಮತ್ತೆ ಕೆಲಸ ಸಿಕ್ಕಿತ್ತು, ಖುಷಿಯಾಗಿಯೂ ಇದ್ದೆ.

ಆಗಸ್ಟ್ ಕೊನೆಗೆ ಒಂದು ದಿನ ಬೆಳಗ್ಗೆ ಐದಕ್ಕೆ ಕಾಫಿ ಇಡಲು ಹೋದೆ. ಹುಡುಗಿ ಬಾಗಿಲು ತೆಗೆದುಕೊಂಡೇ ನಿಂತಿದ್ದಳು.

"ಆಂಟಿ, ಒಂದ್ ಮಾತ್ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ನೆಂಟರ ಹುಡುಗಿ ಅಲ್ರಿ. ಬಾಡಗಿ ಕೊಡ್ತೀನಿ. ನೀವು ಹಿಂಗ ನನ್ನ ಸಲುವಾಗಿ ಎದ್ದು ಕುಂತ್ರ ನನಗ ಹೊರಗ ಹೋಗಾಕೂ ಅಂಜಿಕಿ ಬರ್ತೈತಿ, ಒಳಗ ಬರಾಕೂ ಅಂಜಿಕಿ ಬರ್ತೈತಿ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಕಾಫಿ ಲೋಟ ವಾಪಸ್ ತಂದು ಅಡುಗೆಮನೆ ಕಟ್ಟೆ ಮೇಲಿಟ್ಟು ಅತ್ತುಬಿಟ್ಟೆ. ಮಧ್ಯಾಹ್ನದವರೆಗೂ ಸಿಟ್ಟು ಇಳಿಯಲಿಲ್ಲ. ಮಗಳಿಗೆ ಫೋನ್ ಮಾಡಿ "ಇವಳನ್ನು ಖಾಲಿ ಮಾಡಿಸ್ತೀನಿ" ಅಂದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಅಮ್ಮಾ, ನಾನು ಪಿಯುಸಿ ಓದುವಾಗಲೂ ನನಗೆ ಹಾಗೇ ಅನ್ನಿಸ್ತಿತ್ತು, ಹೇಳಕ್ಕೆ ಆಗ್ತಿರಲಿಲ್ಲ" ಅಂದಳು. ಅದನ್ನು ಕೇಳಿದ್ದು ಬೆಳಗ್ಗೆಯದಕ್ಕಿಂತ ಜಾಸ್ತಿ ನೋವಾಯಿತು. ನಾನು ಊಟ ಬಿಟ್ಟು ಕಾಯುತ್ತಿದ್ದದ್ದು ಮಕ್ಕಳಿಗೆ ಪ್ರೀತಿ ಅಂತ ಅನ್ನಿಸಿದಷ್ಟೇ, ತೀರಿಸಬೇಕಾದ ಸಾಲದ ಹಾಗೂ ಅನ್ನಿಸಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮೂರು ದಿನ ಇದನ್ನೇ ತಲೆಯಲ್ಲಿ ತಿರುವಿಹಾಕಿದೆ.

ಮೂರನೇ ದಿನ ಸಂಜೆ ಅಗ್ರಿಮೆಂಟ್ ತೆಗೆದು ಮತ್ತೆ ಓದಿದೆ. ಅದರಲ್ಲಿ ನಾನು ಅವಳಿಗೆ ಏನು ಕೊಡಬೇಕು ಅಂತ ಬರೆದಿತ್ತು: ರೂಮು, ಸ್ನಾನದ ಮನೆ, ಅಡುಗೆಮನೆ ಬಳಕೆ, ನೀರು. ಅಷ್ಟೇ. ಮದುವೆಯಾದಾಗಿನಿಂದ ನಾನು ಇದ್ದ ಯಾವ ಸಂಬಂಧದಲ್ಲೂ ಇಷ್ಟು ಕೊಟ್ಟರೆ ಸಾಕು ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇಷ್ಟು ಕೊಟ್ಟರೆ ಸಾಕು ಅಂತ ಬರೆದ ಮೊದಲನೇ ಕಾಗದ ಅದು.

ಕರೆಂಟ್ ಬಿಲ್ಲಿನ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಉಚಿತ ಅಂತ ನಿಗದಿಯಾಗಿದ್ದು 2022-23ರ ಸರಾಸರಿಯ ಮೇಲೆ ಶೇ 10 ಸೇರಿಸಿ. ಆಗ ಇದ್ದವರು ನಾನು ಮತ್ತು ಹಾಸಿಗೆ ಹಿಡಿದ ಅತ್ತೆ, ಹಾಗಾಗಿ ಒಟ್ಟು ಅರವತ್ತಮೂರು ಯೂನಿಟ್. ಇವಳು ಬಂದ ಮೇಲೆ ತೊಂಬತ್ತು ದಾಟಿತು. ಹೆಚ್ಚಿಗೆ ಉರಿಸಿದ್ದಕ್ಕೆ ದುಡ್ಡು ಕಟ್ಟಬೇಕು. ನಾನು ಬಿಲ್ಲು ಮಡಚಿ ಡಬ್ಬದ ಕೆಳಗೆ ಇಟ್ಟಿದ್ದೆ, ನಾನೇ ಕಟ್ಟಿಬಿಡೋಣ ಅಂತ. ಅವಳು ಅದನ್ನು ಹುಡುಕಿ ತೆಗೆದು, ಮೊಬೈಲಲ್ಲಿ ಲೆಕ್ಕ ಹಾಕಿ, ಚಿಲ್ಲರೆ ಸಮೇತ ಎಣಿಸಿ ಕೊಟ್ಟಳು. "ಇದು ನಂದ್ರಿ, ಇದು ನಿಮ್ಮದು." ಕೈಯೊಡ್ಡಿ ತಗೊಂಡೆ. ತಗೊಳ್ಳಲು ಕಷ್ಟವಾಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಎರಡನೇ ತಿಂಗಳಿನಿಂದ ಅಷ್ಟು ಕಷ್ಟ ಆಗಲಿಲ್ಲ.

ಬೆಳಗ್ಗೆ ಏಳುವುದು ಆರು ಗಂಟೆಗೆ ಅಂತ ಮಾಡಿಕೊಂಡೆ. ಎಚ್ಚರ ನಾಲ್ಕೂವರೆಗೇ ಆಗುತ್ತಿತ್ತು. ಸುಮ್ನೆ ಮಲಗಿರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು, ನಿಜವಾಗಿಯೂ ಮೈಯೆಲ್ಲ ತಡಬಡ ಅನ್ನುತ್ತಿತ್ತು. ಅವಳು ಎದ್ದ ಸದ್ದು, ನಲ್ಲಿ ತಿರುಗಿಸಿದ ಸದ್ದು, ಸ್ಟವ್ ಹಚ್ಚಿದ ಸದ್ದು. ಒಂದೊಂದಕ್ಕೂ ಏಳಬೇಕು ಅನ್ನಿಸುತ್ತಿತ್ತು. ಏಳಲಿಲ್ಲ.

ಗಿಡದ ವಿಷಯ ಶುರುವಾಗಿದ್ದು ಸೆಪ್ಟೆಂಬರಿನಲ್ಲಿ. "ಆಂಟಿ, ಹಳೇ ಪೇಪರ್ ಅದಾವೇನ್ರಿ?" ಅಂತ ಬಂದಳು. ಮಳೆಗಾಲ, ಗಿಡ ಒತ್ತಿಟ್ಟ ಪೇಪರುಗಳು ನೆಂದು ನೆಂದು ಅವಳ ಹತ್ತಿರ ಖಾಲಿಯಾಗಿದ್ದವು. ನಮ್ಮ ಮನೆಯಲ್ಲಿ ರದ್ದಿಗೆ ಹಾಕದೆ ಇಟ್ಟ ಎರಡು ವರ್ಷದ ಪೇಪರು ಇತ್ತು. ಕಟ್ಟು ಬಿಚ್ಚಿ ಕೊಟ್ಟೆ. ಅವಳು ಹಾಲಿನಲ್ಲಿ ನೆಲದ ಮೇಲೆ ಕೂತು, ಒಂದು ತುಂಬೆ ಗಿಡವನ್ನು ಬೇರು ಸಮೇತ ಪೇಪರಿನ ಮೇಲೆ ಹರವುತ್ತಿದ್ದಳು. ನಾನು ಅವರೆಕಾಳು ಹಿದುಕುತ್ತಾ ನೋಡುತ್ತಿದ್ದೆ. ಅವಳು ಇನ್ನೇನು ಪೇಪರು ಮಡಚಬೇಕು, ನನ್ನ ಬಾಯಿಂದ ಬಂತು:

"ಒಂದೆರಡು ಎಲೆ ಮಗುಚಿ ಹಾಕು. ಹಿಂಭಾಗವೂ ಕಾಣಬೇಕಲ್ವಾ."

ಹುಡುಗಿ ತಲೆಯೆತ್ತಿದಳು. "ನಿಮಗ ಹೆಂಗ ಗೊತ್ತರಿ?"

"ಲೇಬಿಯೇಟೆ ಫ್ಯಾಮಿಲಿ ತಾನೇ ಅದು? ಕಾಂಡ ಚೌಕ ಇರುತ್ತೆ" ಅಂದೆ.

"ಈಗ ಲ್ಯಾಮಿಯೇಸಿ ಅಂತಾರ್ರಿ" ಅಂದಳು, ಕಣ್ಣು ದೊಡ್ಡದು ಮಾಡಿಕೊಂಡು.

ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿ ಮೂವತ್ತಾರು ವರ್ಷ ಆಗಿತ್ತು. ನನ್ನ ಗಂಡನಿಗೂ ನಾನು ಇದನ್ನು ಹೇಳಿರಲಿಲ್ಲ, ಮಕ್ಕಳಿಗೆ ಅಮ್ಮ ಕಾಲೇಜಿಗೆ ಹೋಗಿದ್ದಳು ಅಂತ ಗೊತ್ತಿತ್ತೇ ಹೊರತು ಏನು ಓದಿದಳು ಅಂತ ಗೊತ್ತಿರಲಿಲ್ಲ. ತುಮಕೂರಿನಲ್ಲೇ ಬಿಎಸ್ಸಿ ಓದಿದ್ದು, ಸಿಬಿಜೆಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ಆಗ ಇಲ್ಲಿಯ ಕಾಲೇಜುಗಳೆಲ್ಲ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ತುಮಕೂರಿಗೆ ಅದರದೇ ವಿಶ್ವವಿದ್ಯಾಲಯ ಬಂದಿದ್ದು 2004ರಲ್ಲಿ. ಕೊನೇ ವರ್ಷದ ಬಾಟನಿ ಪ್ರಾಕ್ಟಿಕಲ್ ಪರೀಕ್ಷೆಗೆ 40 ಶೀಟಿನ ಹರ್ಬೇರಿಯಂ ಒಪ್ಪಿಸಬೇಕಿತ್ತು, ಅಂದರೆ ಗಿಡಗಳನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದ ಸಂಗ್ರಹ. ನಾನು 26 ಮಾಡಿದ್ದೆ. ಅಷ್ಟರಲ್ಲಿ ಗಂಡಿನ ಕಡೆ ಮಾವನವರಿಗೆ ಹುಷಾರು ತಪ್ಪಿತು, ಅವರು ಕಣ್ಣು ಮುಚ್ಚುವುದರೊಳಗೆ ಮದುವೆ ಆಗಿಬಿಡಲಿ ಅಂದರು. 1988ರ ಮಾರ್ಚ್‌ನಲ್ಲಿ ಮದುವೆ. ಪರೀಕ್ಷೆ ಏಪ್ರಿಲ್‌ನಲ್ಲಿ. ಮದುವೆಯಾದ ಮೇಲೂ ಬರೆಯಬಹುದು ಅಂತ ಎಲ್ಲರೂ ಹೇಳಿದ್ದರು. ಆ ಏಪ್ರಿಲ್‌ನಲ್ಲಿ ನಾನು ಮಾವನವರಿಗೆ ಗಂಜಿ ಕುಡಿಸುತ್ತಿದ್ದೆ. ನನ್ನ 26 ಶೀಟುಗಳು ತವರಿನ ಅಟ್ಟದಲ್ಲಿದ್ದವು. ಎರಡು ವರ್ಷ ಬಿಟ್ಟು ಬಾಣಂತನಕ್ಕೆ ಹೋದಾಗ ತೆಗೆದು ನೋಡಿದರೆ ಗೆದ್ದಲು ತಿಂದು ಹಾಕಿತ್ತು. ಅವತ್ತು ಬೇಜಾರಾಯಿತಾ ಅಂತ ಈ ಹುಡುಗಿ ಕೇಳಿದಳು. ಆಗಿರಬೇಕು. ಕೈಯಲ್ಲಿ ಮಗು ಇತ್ತು, ಅದು ಅತ್ತಿತು, ನಾನು ಕೆಳಗೆ ಇಳಿದು ಬಂದೆ. ನೆನಪಿರುವುದು ಅಷ್ಟೇ.

ಮಾರನೇ ದಿನದಿಂದ ಅವಳ ಪೇಪರು ಬದಲಾಯಿಸುವ ಕೆಲಸಕ್ಕೆ ನಾನೂ ಕೂತೆ. ಇದು ಸೇವೆ ಅಲ್ಲ ಅಂತ ಅವಳಿಗೂ ಗೊತ್ತಾಯಿತು ಅನ್ನಿಸುತ್ತದೆ, ಬೇಡ ಅನ್ನಲಿಲ್ಲ. ಗಿಡ ಒತ್ತಿದ ಮೊದಲ ದಿನ ಪೇಪರು ಪೂರ್ತಿ ಒದ್ದೆಯಾಗುತ್ತದೆ, ಇಪ್ಪತ್ತನಾಲ್ಕು ಗಂಟೆಯೊಳಗೆ ಬದಲಾಯಿಸಬೇಕು. ಆಗ ಗಿಡ ಇನ್ನೂ ಮೆತ್ತಗಿರುತ್ತದೆ, ಮುದುರಿದ ದಳ ಬಿಡಿಸಲು, ಎಲೆ ಸರಿಮಾಡಲು ಅದೇ ಸಮಯ. ಆಮೇಲೆ ದಿನ ಬಿಟ್ಟು ದಿನ. ಮಳೆಗಾಲದಲ್ಲಿ ತಡಮಾಡಿದರೆ ಬೂಷ್ಟು ಹಿಡಿಯುತ್ತದೆ. ಒಣಗಿತೋ ಇಲ್ಲವೋ ನೋಡುವುದಕ್ಕೆ ನಮ್ಮ ಮೇಡಂ ಒಂದು ಉಪಾಯ ಹೇಳಿಕೊಟ್ಟಿದ್ದರು, ಎಲೆಯನ್ನು ಕೆನ್ನೆಗೆ ತಾಗಿಸಿದರೆ ತಣ್ಣಗೆ ಅನ್ನಿಸಬಾರದು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಅಟ್ಟದ ಮೇಲೆ ಏರಿಸಿಟ್ಟಿದ್ದ ರುಬ್ಬುವ ಗುಂಡನ್ನು ಇಳಿಸಿ ಹಲಗೆಯ ಮೇಲೆ ಭಾರಕ್ಕೆ ಇಟ್ಟೆವು. ಅತ್ತೆಯ ಮಂಚದ ಮೇಲೆ ಸಾಲಾಗಿ ಕಟ್ಟುಗಳು.

ಅವಳಿಗೆ ಗೊತ್ತಿಲ್ಲದ್ದು ಒಂದು ನನಗೆ ಗೊತ್ತಿತ್ತು. ಗೋಣಿ ಸೊಪ್ಪು ಒತ್ತಿಟ್ಟರೆ ವಾರವಾದರೂ ಸಾಯುವುದಿಲ್ಲ. ಎಲೆ ಕಾಂಡ ಎಲ್ಲ ನೀರು ತುಂಬಿಕೊಂಡಿರುತ್ತದೆ, ಪೇಪರಿನ ಒಳಗೇ ಚಿಗುರುತ್ತದೆ. ಅವಳದು ಎರಡು ಸಲ ಕೊಳೆತಿತ್ತು. ನಾನು ಸೌಟಿನಲ್ಲಿ ಹಿಡಿದು ಕುದಿಯುವ ನೀರಿಗೆ ಒಂದು ಸಲ ಅದ್ದಿ ತೆಗೆದೆ, ಬಟ್ಟೆಯ ಮೇಲೆ ಆರಿಸಿ ಆಮೇಲೆ ಒತ್ತು ಅಂದೆ. ಬಸ್ಸಾರಿಗೆ ಸೊಪ್ಪು ಬೇಯಿಸುವಾಗ ನೀರಿಗೆ ಹಾಕಿದ ಕೂಡಲೇ ಸೊಪ್ಪು ಇಳಿದು ಹೋಗುವುದಿಲ್ಲವಾ, ಅದೇ. ನಾಲ್ಕು ದಿನಕ್ಕೆ ಒಣಗಿತು.

ಆಗ ಅವಳು ಹೇಳಿದ್ದು, "ಆಂಟಿ, ನಿಮ್ಮ ಹದಿನಾಲ್ಕು ಬಾಕಿ ಅದಾವಲ್ರಿ. ಮಾಡ್ರಿ."

ಅದನ್ನು ಅವಳು ಲೆಕ್ಕ ಇಟ್ಟುಕೊಂಡಿದ್ದಳು. ನಲವತ್ತರಲ್ಲಿ ಇಪ್ಪತ್ತಾರು ಕಳೆದರೆ ಹದಿನಾಲ್ಕು. ನನ್ನ ಮೊದಲನೇ ಉತ್ತರ "ಈಗ್ಯಾಕೆ ಬಿಡು" ಅಂತ. ಎರಡನೇ ಉತ್ತರ ಬರಲು ಒಂದು ವಾರ ಬೇಕಾಯಿತು. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ, ಪಕ್ಕದ ಖಾಲಿ ಸೈಟಿನಲ್ಲಿ ವಿಷ್ಣುಕ್ರಾಂತಿ ಹೂಬಿಟ್ಟಿತ್ತು. ಬೆರಳುಗುರಿಗಿಂತ ಚಿಕ್ಕ ನೀಲಿ ಹೂವು. ಇಪ್ಪತ್ತು ವರ್ಷದಿಂದ ಅದೇ ಜಾಗದಲ್ಲಿ ರಂಗೋಲಿ ಬಿಡುತ್ತಿದ್ದೇನೆ. ಪುಡಿ ಡಬ್ಬ ಅಲ್ಲೇ ಇಟ್ಟು ಸೈಟಿನೊಳಗೆ ಹೋದೆ.

30-40ರ ಸೈಟು ಅದು. ಯಾರೂ ಕಟ್ಟದೆ ಬಿಟ್ಟಿದ್ದು. ಬೀದಿಯವರು ಕಸ ಹಾಕುತ್ತಾರೆ, ಹಾವು ಬರುತ್ತೆ ಅಂತ ಬೈಯುತ್ತಾರೆ, ನಾನೂ ಬೈದಿದ್ದೇನೆ. ಡಿಸೆಂಬರ್ ಬರುವಷ್ಟರಲ್ಲಿ ಆ ಸೈಟೊಂದರಲ್ಲೇ 53 ಜಾತಿ ಗಿಡ ಎಣಿಸಿದೆ. ಉತ್ತರಾಣಿ, ತಗಚೆ, ನೆಲನೆಲ್ಲಿ, ಎಕ್ಕ, ಗರಿಕೆ. ಬೆರಕೆ ಸೊಪ್ಪಿಗೆ ಬರುವ ಅಣ್ಣೆ, ಹೊನಗೊನ್ನೆ, ಗಣಿಕೆ ಎಲ್ಲ ಅಲ್ಲೇ. ನಮ್ಮಮ್ಮ ಹೊಲದ ಬದುವಿನಲ್ಲಿ ಮಡಿಲಿಗೆ ಕಿತ್ತು ತುಂಬಿಕೊಂಡು ಬರುತ್ತಿದ್ದಳು, ಒಂದೊಂದರ ಹೆಸರು ಅವಳು ಹೇಳಿಕೊಟ್ಟಿದ್ದು. ಲ್ಯಾಟಿನ್ ಹೆಸರು ಕಾಲೇಜು ಹೇಳಿಕೊಟ್ಟಿತು. ಅದರಲ್ಲಿ ಎಷ್ಟೋ ಈಗ ಬದಲಾಗಿದೆ. ತಗಚೆಗೆ ನಾನು ಓದಿದ ಹೆಸರು ಕ್ಯಾಸಿಯಾ ಟೋರಾ, ಈಗ ಅದು ಸೆನ್ನಾ ಟೋರಾ. ನಮ್ಮೂರ ಕರಿಜಾಲಿ ಅಕೇಸಿಯಾ ಆಗಿತ್ತು, ಅದು ವಾಚೆಲಿಯಾ ಆಗಿದೆ. ಅಕೇಸಿಯಾ ಅನ್ನುವ ಹೆಸರನ್ನು ಆಸ್ಟ್ರೇಲಿಯಾದ ಮರಗಳಿಗೆ ಬಿಟ್ಟುಕೊಟ್ಟರಂತೆ, 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯಶಾಸ್ತ್ರಜ್ಞರ ಸಮ್ಮೇಳನದಲ್ಲಿ. ಹುಡುಗಿ ಅದನ್ನು ಹೇಳಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ಜಾಲಿಗೆ ಅದರ ಹೆಸರು ಇಲ್ಲವಾಯಿತಲ್ಲ ಅಂತ. ಸಿಟ್ಟು ಬಂದಿದ್ದು ನೋಡಿ ಅವಳಿಗೆ ಖುಷಿಯಾಯಿತು.

ಅವಳ ಜೊತೆ ಒಂದೇ ಸಲ ದೇವರಾಯನದುರ್ಗಕ್ಕೆ ಹೋದೆ, ಕಾರ್ತಿಕದಲ್ಲಿ. ಶಕ್ತಿ ಯೋಜನೆ ಬಸ್ಸು, ಟಿಕೆಟ್ ಮೇಲೆ ಸೊನ್ನೆ. ಅದಕ್ಕೆ ಮುಂಚೆ ಎಷ್ಟೋ ಸಲ ಹೋಗಿದ್ದೇನೆ, ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ, ನಾಮದ ಚಿಲುಮೆಯಲ್ಲಿ ಮಕ್ಕಳಿಗೆ ಜಿಂಕೆ ತೋರಿಸಿ, ಪುಳಿಯೋಗರೆ ಡಬ್ಬ ಬಿಚ್ಚಿ ಎಲ್ಲರಿಗೂ ಬಡಿಸಿ, ಪಾತ್ರೆ ತುಂಬಿಕೊಂಡು ವಾಪಸ್. ಈ ಸಲ ಕೈಯಲ್ಲಿ ಒಂದು ನೋಟ್‌ಬುಕ್ಕು ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿ ಗಿಡ ಕೀಳಲು ಅರಣ್ಯ ಇಲಾಖೆ ಅನುಮತಿ ಬೇಕು, ಅವಳ ಹತ್ತಿರ ಪತ್ರ ಇತ್ತು, ನನ್ನ ಹತ್ತಿರ ಇರಲಿಲ್ಲ, ಹಾಗಾಗಿ ನಾನು ಒಂದು ಎಲೆಯನ್ನೂ ಮುಟ್ಟಲಿಲ್ಲ. ಬರೆದುಕೊಂಡೆ ಅಷ್ಟೇ. ಹೂವಿನ ಬಣ್ಣ, ವಾಸನೆ, ಕಿತ್ತರೆ ಹಾಲು ಬರುತ್ತದಾ ಅಂತ ಅವಳನ್ನು ಕೇಳಿ ಕೇಳಿ. ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ, ಅಲ್ಲೇ ಬರೆಯಬೇಕು. ಮಧ್ಯಾಹ್ನ ಬಂಡೆ ಮೇಲೆ ಕೂತಾಗ ಅವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. ನಾನು ಏನೂ ತಂದಿರಲಿಲ್ಲ. ಬೇಕಂತಲೇ ತಂದಿರಲಿಲ್ಲ. ಅವಳು ಕೊಟ್ಟಿದ್ದನ್ನು ತಿಂದೆ. ಈ ಬೆಟ್ಟದಲ್ಲಿ ಹುಟ್ಟಿದ ಜಯಮಂಗಲಿ ಉತ್ತರಕ್ಕೆ ಹೋಗಿ ಪಿನಾಕಿನಿ ಸೇರುತ್ತದೆ, ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಗೆ ಹೋಗುತ್ತದೆ ಅಂತ ಅವಳಿಗೆ ಹೇಳಿದೆ. ನಮ್ಮಪ್ಪ ನನಗೆ ಅದೇ ಬೆಟ್ಟದಲ್ಲಿ ಹೇಳಿದ್ದ ಮಾತು.

ಜನವರಿಯಲ್ಲಿ ಮಗಳ ಫೋನ್ ಬಂತು. ಅವಳ ಅತ್ತೆಗೆ ಮಂಡಿ ಆಪರೇಷನ್, ಮಕ್ಕಳಿಗೆ ಪರೀಕ್ಷೆ, "ಅಮ್ಮಾ ಮೂರು ತಿಂಗಳು ಬಂದಿರು." ಮೊದಲಾಗಿದ್ದರೆ ಫೋನ್ ಇಡುವ ಮೊದಲೇ ಬ್ಯಾಗು ತುಂಬುತ್ತಿದ್ದೆ. ಆ ವಾರ ಹಲಗೆಗಳ ಮಧ್ಯೆ ಒತ್ತಿಟ್ಟ ನನ್ನ ಆರು ಗಿಡ ಇದ್ದವು. "ಹದಿನೈದು ದಿನ ಬರ್ತೀನಿ, ಫೆಬ್ರವರಿ ಮೂರರಿಂದ ಹದಿನೇಳು" ಅಂದೆ. ದಿನಾಂಕ ಹೇಳಿ ಹೋಗಿದ್ದು ಅದೇ ಮೊದಲು. ಆ ಕಡೆ ಮೌನ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಮಗಳು "ಸರಿ, ಉಳಿದಿದ್ದಕ್ಕೆ ಒಬ್ಬರನ್ನು ಇಟ್ಕೊತೀವಿ" ಅಂದಳು. ಬೇಜಾರು ಮಾಡಿಕೊಂಡಳು, ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಹೋದೆ, ಹದಿನೈದು ದಿನ ಚೆನ್ನಾಗಿ ನೋಡಿಕೊಂಡೆ, ಹದಿನೇಳಕ್ಕೆ ರೈಲು ಹತ್ತಿದೆ. ಹುಡುಗಿ ಆ ಹದಿನೈದು ದಿನ ನನ್ನ ಆರು ಗಿಡದ ಪೇಪರು ಬದಲಾಯಿಸಿದ್ದಳು. ಅದಕ್ಕೆ ನಾನು ದುಡ್ಡು ಕೊಡಲು ಹೋದೆ. ಅವಳು ನಕ್ಕು ತಗೊಳ್ಳಲಿಲ್ಲ, "ಇದು ಅಗ್ರಿಮೆಂಟ್‌ನಾಗ ಇಲ್ರಿ" ಅಂದಳು.

ಒಣಗಿದ ಗಿಡವನ್ನು ಶೀಟಿಗೆ ಅಂಟಿಸುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. 42 ಸೆಂಟಿಮೀಟರ್ ಉದ್ದ, 28 ಅಗಲದ ದಪ್ಪ ಹಾಳೆ. ತೆಳುವಾದದ್ದಕ್ಕೆ ಅಂಟು ಸಾಕು, ದಪ್ಪ ಕಡ್ಡಿಯನ್ನು ಸೂಜಿ ದಾರದಲ್ಲಿ ಹೊಲಿಯಬೇಕು. ಸೀರೆಗೆ ಫಾಲ್ಸ್ ಹಚ್ಚಿದ ಕೈ ನನ್ನದು, ಹೊಲಿಗೆ ಮುಂದುಗಡೆ ಕಾಣದ ಹಾಗೆ ಹಾಕುತ್ತೇನೆ. ಉದುರಿದ ಬೀಜಕ್ಕೆ ಕಾಗದದ ಚಿಕ್ಕ ಪೊಟ್ಟಣ ಮಾಡಿ ಶೀಟಿನ ಮೂಲೆಗೆ ಅಂಟಿಸಬೇಕು, ಕುಂಕುಮದ ಪೊಟ್ಟಣದ ಹಾಗೆ. ಕೆಳಗೆ ಬಲಗಡೆ ಲೇಬಲ್. ಫ್ಯಾಮಿಲಿ, ಹೆಸರು, ಕನ್ನಡದ ಹೆಸರು, ಜಾಗ, ದಿನಾಂಕ, ಕೊನೆಗೆ ಸಂಗ್ರಹಿಸಿದವರು. ಮೊದಲನೇ ಲೇಬಲ್ ಬರೆಯುವಾಗ ಅಭ್ಯಾಸಬಲದಿಂದ ನನ್ನ ಹೆಸರು ಬರೆದು "ಕೋಂ" ಅಂತ ಶುರು ಮಾಡಿದ್ದೆ. ಪೆನ್ನು ಎತ್ತಿ ನೋಡಿದೆ. ಬೇರೆ ಲೇಬಲ್ ತಗೊಂಡು ಬರೀ ಹೆಸರು ಬರೆದೆ. ಅದರ ಪಕ್ಕದಲ್ಲಿ ನಂಬರ್ 27. ಗೆದ್ದಲು ತಿಂದ ಇಪ್ಪತ್ತಾರನ್ನು ನಾನು ಬಿಡಲಿಲ್ಲ, ಅವೂ ನಾನು ಮಾಡಿದ್ದೇ.

ನಲವತ್ತು ಮುಗಿದಿದ್ದು ಮೇ ತಿಂಗಳಲ್ಲಿ. ಅದೇ ತಿಂಗಳ ಕೊನೆಗೆ ಅಗ್ರಿಮೆಂಟ್ ಮುಗಿಯಿತು, ಮತ್ತೆ ಹನ್ನೊಂದು ತಿಂಗಳಿಗೆ ಬರೆಸಿದೆವು, ಬಾಡಿಗೆ ಇನ್ನೂರು ಜಾಸ್ತಿ. ಇನ್ನೂರು ಕೇಳಿದ್ದು ನಾನು. ತಾರಸಿಗೆ ಕಾಂಕ್ರೀಟು ಹಾಕಿಸಿಯಾಗಿದೆ. ಮಗ ಬಂದವನು ಅಜ್ಜಿಯ ಮಂಚದ ಮೇಲೆ ಪೇಪರು ಕಟ್ಟು ನೋಡಿ "ಏನಮ್ಮ ಇದು" ಅಂದ. ಹೇಳಿದೆ. ಒಂದೊಂದೇ ಶೀಟು ತಿರುವಿ ನೋಡಿದ. ಲೇಬಲ್ ಮೇಲೆ ಬೆರಳಿಟ್ಟು ನನ್ನ ಹೆಸರನ್ನು ಜೋರಾಗಿ ಓದಿದ, ಮೊದಲ ಸಲ ಓದುವವನ ಹಾಗೆ. ಮನೆ ಮಾರುವ ಮಾತು ಆ ಸಲ ತೆಗೆಯಲಿಲ್ಲ.

ನಲವತ್ತು ಆಯಿತು ಅಂತ ನಿಲ್ಲಿಸಲಿಲ್ಲ. ಸೈಟಿನ ಹಿಂದಿನ ಬೇಲಿಗೆ ಒಂದು ಈಶ್ವರಿ ಬಳ್ಳಿ ಹಬ್ಬಿತ್ತು. ಅದರ ಹೂವು ಸಿಕ್ಕಿತ್ತು, ಕಾಯಿ ಬಲಿಯಲಿ ಅಂತ ಕಾಯುತ್ತಿದ್ದೆ. ಅದರ ಕಾಯಿ ಒಣಗಿ ಬಿರಿದರೆ ನೇತುಹಾಕಿದ ಪುಟ್ಟ ಬುಟ್ಟಿಯ ಹಾಗೆ ಕಾಣುತ್ತದೆ, ದಾರಗಳ ಸಮೇತ. ಹೂವು ಕಾಯಿ ಎರಡೂ ಇದ್ದರೇ ಶೀಟು ಪೂರ್ತಿ. ಹೋದ ನವೆಂಬರಿನಲ್ಲಿ ಒಂದು ಬೆಳಗ್ಗೆ ಜೆಸಿಬಿ ಸದ್ದು ಕೇಳಿ ಹೊರಗೆ ಬಂದೆ. ಸೈಟಿನವರು ಮನೆ ಕಟ್ಟಲು ಶುರು ಮಾಡಿದ್ದಾರಂತೆ. ಮುಂದಿನ ಅರ್ಧ ಆಗಲೇ ಕೆಂಪು ಮಣ್ಣಾಗಿತ್ತು. ವಿಷ್ಣುಕ್ರಾಂತಿ ಇದ್ದ ಜಾಗ ಇರಲಿಲ್ಲ. ಹುಡುಗಿ ಊರಿಗೆ ಹೋಗಿದ್ದಳು.

ಸೆರಗು ಸಿಕ್ಕಿಸಿಕೊಂಡು ಸೈಟಿನ ಮಧ್ಯಕ್ಕೆ ಹೋಗಿ ಕೈ ಎತ್ತಿ ನಿಂತೆ. ಡ್ರೈವರ್ ಚಿಕ್ಕ ಹುಡುಗ, ತಲೆ ಹೊರಗೆ ಹಾಕಿ "ಏನಮ್ಮಾ?" ಅಂತ ಕೂಗಿದ. "ಹತ್ತು ನಿಮಿಷ ನಿಲ್ಸಪ್ಪ, ಹಿಂದೆ ಬೇಲೀಲಿ ನಂದೊಂದು ಬಳ್ಳಿ ಇದೆ" ಅಂದೆ. ಅವನು ಬೇಲಿ ಕಡೆ ನೋಡಿದ, ನನ್ನ ಕಡೆ ನೋಡಿದ, ಎಂಜಿನ್ ಆಫ್ ಮಾಡಿದ. ಒಳಗೆ ಹೋಗಿ ಕತ್ತರಿ, ಚೀಟಿ, ನೋಟ್‌ಬುಕ್ಕು ತಂದೆ. ಕಾಯಿ ಎರಡು ಬಿರಿದಿದ್ದವು, ಒಂದು ಇನ್ನೂ ಹಸಿರು. ಮೂರನ್ನೂ ಬಳ್ಳಿ ಸಮೇತ ಒಂದು ಮೊಳ ಕತ್ತರಿಸಿ, ಚೀಟಿಯ ಮೇಲೆ 61 ಅಂತ ಬರೆದು ಕಟ್ಟಿದೆ. ಬೇರಿನ ಒಂದು ತುಂಡನ್ನೂ ಅಗೆದುಕೊಂಡೆ, ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಹಾಕೋಣ ಅಂತ. ಹುಡುಗ ಕೆಳಗಿಳಿದು ಬಂದು ಪಕ್ಕದಲ್ಲಿ ನಿಂತು "ಔಷಧೀನಾ ಅಮ್ಮ?" ಅಂತ ಕೇಳಿದ.

"ಔಷಧಿಗಲ್ಲಪ್ಪ, ನನಗೆ" ಅಂದೆ.